ಕಪ್ಪುಚೌಕ ಮತ್ತು ಅನುಭವಿ

ಭಾವ ಬಂದು ಸರಿಮಾಡಿ ಹೋದ ಮೇಲೆ ಕಂಪ್ಯೂಟರಿನ ಪರದೆ ತಲೆಕೆಳಗಾಯಿತು.

ಅವರು ಬಂದದ್ದು ಬೇರೆ ಯಾವುದಕ್ಕೋ. ಮೌಸು ಸ್ವಲ್ಪ ತಡವರಿಸುತ್ತಿದೆ ಎಂದು ಮರಿ ಫೋನಿನಲ್ಲಿ ಅಕ್ಕನ ಹತ್ತಿರ ಬಾಯಿಬಿಟ್ಟಿದ್ದಳು, ಅಷ್ಟೆ. ಅಕ್ಕನ ಬಾಯಿಂದ ಭಾವನ ಕಿವಿಗೆ ಎಷ್ಟು ದೂರ? ಮಧ್ಯಾಹ್ನದ ಹೊತ್ತಿಗೆ ಭಾವ ಸ್ಕ್ರೂಡ್ರೈವರುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಮರಿ ಎಂದರೆ ಚಿಕ್ಕವಳೇನಲ್ಲ, ಐವತ್ತು ದಾಟಿದೆ. ಅಕ್ಕನ ಮದುವೆಯಲ್ಲಿ ಫ್ರಾಕು ತೊಟ್ಟು ಕಾಲಿಗೆ ಅಡ್ಡ ಸಿಗುತ್ತಿದ್ದವಳನ್ನು ಹೊಸ ಭಾವ ಹಾಗೆ ಕರೆದರು, ಹೆಸರು ಅಂಟಿಕೊಂಡಿತು. ಈಗ ಅವಳು ಒಂದು ವಾರಪತ್ರಿಕೆಗೆ ಪದಬಂಧ ಮಾಡುತ್ತಾಳೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ನಡುವೆ ಕಪ್ಪುಚೌಕಗಳು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕದ ಹಳೆಯ ಹೊಲಿಗೆ ಮಿಷನ್ನಿನ ಮೇಲೆ ಪ್ರಿಂಟರು.

ಭಾವ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಂಬ ಹತ್ತಿ, ತಂತಿ ಎಳೆದು, ಊರಿಗೆ ಊರನ್ನೇ ಮಾತಾಡಿಸಿದವರು. ಅವರ ಲೆಕ್ಕದಲ್ಲಿ ಜಗತ್ತಿನ ಎಲ್ಲ ಕಾಯಿಲೆಗೂ ಮೂಲ ಒಂದೇ: ಸಡಿಲವಾದ ತಂತಿ. ಕಂಪ್ಯೂಟರಿಗೆ ಏನೇ ಆಗಿರಲಿ, ಮೊದಲು ಹಿಂದಿನ ತಂತಿಗಳನ್ನೆಲ್ಲ ಕಿತ್ತು, ಒಂದೊಂದರ ಬಾಯಿಗೂ ಉಫ್ ಎಂದು ಊದಿ, ಮತ್ತೆ ಸಿಕ್ಕಿಸುತ್ತಿದ್ದರು. ಆಮೇಲೆ ಕೀಲಿಮಣೆಯನ್ನು ಬೋರಲು ಹಾಕಿ ಅದರ ಬೆನ್ನು ತಟ್ಟುತ್ತಿದ್ದರು, ಹಾಲು ಕುಡಿದ ಮಗುವಿಗೆ ತೇಗು ಬರಿಸುವ ಹಾಗೆ. ಹಾಗೆ ತಟ್ಟುವಾಗ ಯಾವ ಯಾವ ಗುಂಡಿ ಒಟ್ಟಿಗೆ ಒತ್ತಿಹೋಯಿತೋ, ಪರದೆ ಶೀರ್ಷಾಸನ ಹಾಕಿಬಿಟ್ಟಿತು.

"ನೋಡು ಮರಿ, ಮೌಸ್ ಹೆಂಗೆ ಓಡ್ತಿದೆ!"

"ಓಡ್ತಿದೆ ಭಾವ. ಆದ್ರೆ ತಲೆಕೆಳಗಾಗಿ ಓಡ್ತಿದೆ."

"ಅದು ಸೆಟ್ ಆಗೋಕೆ ಒಂದೆರಡು ದಿನ ಬೇಕು. ಹೊಸ ಚಪ್ಪಲಿ ಕಚ್ಚಲ್ವಾ, ಹಂಗೇ," ಎಂದು ಭಾವ ಚೀಲ ಕಟ್ಟಿಕೊಂಡು, ಕಾಫಿ ಕುಡಿದು ಹೊರಟರು.

ಬೇಡ ಎಂದು ಹೇಳುವ ಹಾಗಿರಲಿಲ್ಲ. ಅಕ್ಕ ಮೊದಲೇ ಕೈಮುಗಿದಿದ್ದಳು: "ರಿಟೈರ್ ಆದ ಮೇಲೆ ಮನೇಲಿರೋ ಗಡಿಯಾರ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲಾ ಬಿಚ್ಚಾಯ್ತು ಕಣೇ. ಇನ್ನು ಬಿಚ್ಚೋಕೆ ನಾನೊಬ್ಬಳೇ ಉಳಿದಿರೋದು. ನಿಮ್ಮನೆ ಕಂಪ್ಯೂಟರ್ ಒಂದು ಇಲ್ದೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತೋ." ಭಾವನೂ ಹಾಗೇ. ಮರಿಯ ಮನೆಯಿಂದ ಕರೆ ಬಂತೆಂದರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಮರಿಯ ಗಂಡ ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವನು. ಮಾತು ಕಡಿಮೆ. ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡು ಮನೆಗೆ ಬಂದವನು ಪರದೆ ನೋಡಿದ, ಹೆಂಡತಿಯ ಮುಖ ನೋಡಿದ, ಮಾನಿಟರನ್ನೇ ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಗೋಡೆಗೆ ಒರಗಿಸಿದ. ಅಕ್ಷರಗಳು ನೆಟ್ಟಗಾದವು. "ಆಯ್ತಲ್ಲ," ಎಂದು ಸ್ನಾನಕ್ಕೆ ಹೋದ.

ಎರಡು ದಿನ ಮರಿ ಹಾಗೇ ಕೆಲಸ ಮಾಡಿದಳು. ಮೂರನೆಯ ದಿನ ಮಾನಿಟರು ಜಾರಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿದಾಗ, ಪತ್ರಿಕೆಯ ಕಚೇರಿಯಲ್ಲಿ ಪುಟ ಕಟ್ಟುವಾಕೆಗೆ ಫೋನು ಮಾಡಿ ಗೋಳು ತೋಡಿಕೊಂಡಳು. ಆಕೆ ನಕ್ಕು, "ನಿಮ್ಮನ್ನ ಒಂದು ಗುಂಪಿಗೆ ಸೇರಿಸ್ತೀನಿ ಬನ್ನಿ, ಅಲ್ಲಿ ಎಲ್ಲಾರೂ ನಿಮ್ಮ ಹಾಗೇ ಕಣ್ಣೀರು ಹಾಕ್ಕೊಂಡು ಬಂದವರೇ," ಎಂದಳು.

ಗುಂಪಿನ ಹೆಸರು 'ಕೆಟ್ಟ ಕಂಪ್ಯೂಟರ್ ಬಳಗ'. ಅದು ನಡೆಯುವ ಆಪಿನಲ್ಲಿ ಯಾರ ಫೋನ್ ನಂಬರೂ ಕಾಣುವುದಿಲ್ಲ, ಅವರವರು ಇಟ್ಟುಕೊಂಡ ಹೆಸರಷ್ಟೇ. ಟೀಚರಮ್ಮ ಎಂಬಾಕೆ ಗುಂಪಿನ ಯಜಮಾನಿ. ಶುಭೋದಯದ ಹೂವಿನ ಚಿತ್ರ ಹಾಕಿದವರನ್ನು ಆಕೆ ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ. ಹಲ್ಲಿನ ಡಾಕ್ಟರು ಎಂಬವರು ನಿಜವಾಗಿಯೂ ಹಲ್ಲಿನ ಡಾಕ್ಟರೇ. ಎರಡು ಕೈಗೂ ಕೆಲಸ ಇರುವುದರಿಂದ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ಹಾಗಾಗಿ ಅವರ ಉತ್ತರಗಳು 'ಸೆಟ್ಟಿಂಗ್ಸ್ ಒಳಗೆ ಹೋಗಿ ಇನ್ನೂ ಅಗಲವಾಗಿ ಬಾಯಿ ತೆಗೆಯಿರಿ' ಎಂಬಂತೆ ಇರುತ್ತಿದ್ದವು. ಮೂರನೆಯವನ ಹೆಸರು ಸೋಮಾರಿ. ಅವನು ಯಾವ ಪ್ರಶ್ನೆಗೂ ಕೊಡುತ್ತಿದ್ದದ್ದು ಒಂದೇ ಉತ್ತರ: 'ಆಫ್ ಮಾಡಿ ಆನ್ ಮಾಡಿ.' ಬೇಸರದ ಸಂಗತಿ ಎಂದರೆ ಹತ್ತಕ್ಕೆ ಎಂಟು ಸಲ ಅದೇ ಸರಿಯಾಗುತ್ತಿತ್ತು.

ಮರಿ 'ಕಪ್ಪುಚೌಕ' ಎಂದು ಹೆಸರಿಟ್ಟುಕೊಂಡು ಪರದೆಯ ಕಷ್ಟ ಬರೆದಳು. ಯಾವ ಮೂರು ಗುಂಡಿ ಒಟ್ಟಿಗೆ ಒತ್ತಬೇಕೆಂದು ಟೀಚರಮ್ಮ ತಿಳಿಸಿದಳು. ಒತ್ತಿದಳು. ಪರದೆ ನೆಟ್ಟಗಾಯಿತು. ಮರಿ ಕುರ್ಚಿಯಿಂದೆದ್ದು ಒಬ್ಬಳೇ ಚಪ್ಪಾಳೆ ತಟ್ಟಿದಳು.

ಭಾನುವಾರ ಭಾವ ಬಂದು ನೋಡಿ ತಲೆಯಾಡಿಸಿದರು. "ನಾನು ಹೇಳ್ಲಿಲ್ವಾ? ನನ್ನ ಕೈಗುಣ ಗಿಡಮೂಲಿಕೆ ಔಷಧಿ ಇದ್ದ ಹಾಗೆ. ನಿಧಾನಕ್ಕೆ ಹಿಡಿಯುತ್ತೆ, ಆದ್ರೆ ಬೇರಿಂದ ಹಿಡಿಯುತ್ತೆ."

ಮರಿ ಸುಮ್ಮನೆ ನಕ್ಕಳು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಭಾವ ಬಂದು ಕೆಡಿಸುವರು, ಬಳಗ ಸರಿಮಾಡುವುದು, ಭಾವ ಮತ್ತೆ ಬಂದು ಮೀಸೆ ತಿರುವುವರು. ಕಂಪ್ಯೂಟರಿಗೂ ತೊಂದರೆಯಿಲ್ಲ, ಭಾವನ ಮರ್ಯಾದೆಗೂ ತೊಂದರೆಯಿಲ್ಲ.

ಹೀಗಿರುವಾಗ ಗುಂಪಿಗೆ 'ಅನುಭವಿ' ಎಂಬ ಹೊಸಬರು ಬಂದರು. ಹಲ್ಲಿನ ಡಾಕ್ಟರು ಅವರನ್ನು ಸೇರಿಸಿದ್ದರು. 'ನನ್ನ ಪೇಷೆಂಟು. ಬಾಯಿ ಮರಗಟ್ಟಿದ್ದಾಗ ವಿಷಯ ಹೇಳಿದೆ, ಬೇಡ ಅನ್ನೋಕೆ ಅವರಿಗೆ ಆಗಲಿಲ್ಲ,' ಎಂದು ಪರಿಚಯವನ್ನೂ ಕೊಟ್ಟರು. ಹೆಸರು ಅನುಭವಿ ಆದರೂ ಅವರ ಪ್ರಶ್ನೆಗಳು ಎಳೆಮಗುವಿನವು. ಮೌಸಿನ ಬಾಲ ಕತ್ತರಿಸಿದರೆ ಅದು ತಂತಿಯಿಲ್ಲದ ಮೌಸಾಗುತ್ತದೆಯೇ ಎಂದು ಮೊದಲ ದಿನವೇ ಕೇಳಿದರು. ಸೋಮಾರಿ ಕೂಡ ಆ ದಿನ ಆಫ್ ಮಾಡಿ ಎನ್ನಲಿಲ್ಲ.

ಆ ವಾರವೇ ಅನುಭವಿ ಇನ್ನೊಂದು ಪ್ರಶ್ನೆ ಹಾಕಿದರು. 'ನಮ್ಮ ಸಂಬಂಧಿಕರ ಮನೆಯ ಪ್ರಿಂಟರು ಕಾಗದ ನುಂಗುತ್ತದೆ. ತಂತಿ ಎಲ್ಲ ನೋಡಿದೆ, ಚೆನ್ನಾಗಿವೆ.' ಕೆಳಗೆ ಒಂದು ಫೋಟೋ. ಹೊಲಿಗೆ ಮಿಷನ್ನು, ಅದರ ಮೇಲೆ ಪ್ರಿಂಟರು, ಪ್ರಿಂಟರಿನ ಮೇಲೆ ಬೇಕರಿಯ ಬಿಳಿ ಟೋಪಿ.

ಮರಿ ಫೋಟೋ ನೋಡಿದಳು. ತಲೆಯೆತ್ತಿ ತನ್ನ ಪ್ರಿಂಟರನ್ನು ನೋಡಿದಳು. ಟೋಪಿ ಅಲ್ಲೇ ಇತ್ತು.

ಮೊದಲು ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಗಲೇ ಅನುಭವಿ ಇನ್ನೊಂದು ಸಾಲು ಬರೆದರು: 'ದಯವಿಟ್ಟು ಬೇಗ ಹೇಳಿ. ಆ ಹುಡುಗಿ ನನ್ನನ್ನೇ ನಂಬಿಕೊಂಡಿದ್ದಾಳೆ. ನನಗೆ ಗೊತ್ತಿಲ್ಲ ಅಂತ ಅವಳ ಹತ್ತಿರ ಹೇಳೋಕೆ ಬಾಯಿ ಬರಲ್ಲ.'

ನಗು ನಿಂತುಹೋಯಿತು.

ಗಂಡ ಬಂದ ಕೂಡಲೇ ಫೋನು ತೋರಿಸಿದಳು. "ಏನ್ರೀ ಮಾಡೋದು ಈಗ? ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡ ಹಾಗಾಯ್ತು."

ಅವನು ಪ್ರಿಂಟರಿನ ಮೇಲಿದ್ದ ಟೋಪಿ ತೆಗೆದು ಮೊಳೆಗೆ ಹಾಕಿದ. "ನೀನು ಹೇಳ್ಬೇಡ. ಅವರೂ ಹೇಳಲ್ಲ. ಪ್ರಿಂಟರ್ ಸರಿಯಾದ್ರೆ ಸಾಕು."

ಬಳಗದಲ್ಲಿ ಹಿಂದೊಮ್ಮೆ ಓದಿದ್ದನ್ನು ನೆನೆದು ಕಪ್ಪುಚೌಕ ಅನುಭವಿಗೆ ಉತ್ತರ ಬರೆಯಿತು. ಕಾಗದದ ತಟ್ಟೆ ಎಳೆಯಿರಿ, ಒಳಗಿನ ಉರುಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ದಯವಿಟ್ಟು ಊದಬೇಡಿ. ಮರುದಿನ ಭಾವ ಬಂದವರು ಅಕ್ಷರವೂ ತಪ್ಪದಂತೆ ಹಾಗೇ ಮಾಡಿದರು. ಬಾಯಿ ತನ್ನಷ್ಟಕ್ಕೆ ಊದಲು ಮುಂದಾದಾಗ ತುಟಿ ಬಿಗಿಹಿಡಿದುಕೊಂಡರು. ಪ್ರಿಂಟರು ಕಾಗದವನ್ನು ನಾಲಿಗೆ ಚಾಚಿದ ಹಾಗೆ ಹೊರಚಾಚಿತು. ಅವರ ಮುಖದಲ್ಲಿ ಮೂಡಿದ ಬೆರಗನ್ನು ನೋಡಿ ಮರಿಗೆ ತಾನು ಗೆದ್ದಷ್ಟೇ ಖುಷಿಯಾಯಿತು.

"ಭಾವ, ನೀವು ಬಿಡಿ, ಬಿಡಿ!"

"ಹೂಂ, ಒಂದೊಂದು ಸಲ ತಂತಿ ಬಿಟ್ಟು ಬೇರೆ ಕಡೆನೂ ನೋಡ್ಬೇಕಾಗುತ್ತೆ," ಎಂದು ಭಾವ ಕೈ ಒರೆಸಿಕೊಂಡರು.

ಸಂಜೆ ಅನುಭವಿ ಬರೆದರು: 'ಕಪ್ಪುಚೌಕ ಅವರೇ, ನೀವು ದೊಡ್ಡ ಇಂಜಿನಿಯರ್ ಇರಬೇಕು. ನನಗಿಂತ ಚಿಕ್ಕವರೋ ದೊಡ್ಡವರೋ ತಿಳಿಯದು, ನಮಸ್ಕಾರ ಸ್ವೀಕರಿಸಿ.' ಮರಿ ಭಾವನ ನಮಸ್ಕಾರವನ್ನು ಹೇಗೆ ಸ್ವೀಕರಿಸುವುದೆಂದು ತಿಳಿಯದೆ ಫೋನನ್ನು ಬೋರಲು ಹಾಕಿಟ್ಟಳು.

ಆಮೇಲೆ ಇಬ್ಬರಿಗೂ ರೂಢಿಯಾಯಿತು. ಅನುಭವಿ ಬರೀ ಕಂಪ್ಯೂಟರಿನ ಮಾತಾಡುತ್ತಿರಲಿಲ್ಲ. ಮಳೆಯಲ್ಲಿ ಕಂಬ ಹತ್ತಿದ್ದು, ತುದಿಯಲ್ಲಿ ಕೂತು ಯಾರ್ಯಾರದೋ ಜಗಳ ಕೇಳಿಸಿಕೊಂಡದ್ದು, ಈಗ ಕಂಬ ನೋಡಿದರೆ ಮೊಣಕಾಲು ಮೊದಲೇ ಬೇಡ ಅನ್ನುವುದು, ಎಲ್ಲ ಕಪ್ಪುಚೌಕಕ್ಕೆ ಬರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಮರಿ ಇವನ್ನು ಭಾವನ ಬಾಯಲ್ಲಿ ಕೇಳಿರಲೇ ಇಲ್ಲ. ಅವರೆದುರು ಅವಳು ಯಾವಾಗಲೂ ಮರಿ, ಅವರು ಯಾವಾಗಲೂ ಎಲ್ಲ ಬಲ್ಲವರು.

ಎಡವಟ್ಟಾದದ್ದು ಅಕ್ಕನ ಕಡೆಯಿಂದ.

"ಮರಿ, ನಿಮ್ಮ ಭಾವನಿಗೆ ಏನೋ ಆಗಿದೆ ಕಣೇ," ಎಂದು ಅವಳು ಫೋನಿನಲ್ಲಿ ಪಿಸುಗುಟ್ಟಿದಳು. "ಫೋನ್ ನೋಡ್ಕೊಂಡು ಒಬ್ಬರೇ ನಗ್ತಾರೆ. ನಾನು ಹತ್ರ ಹೋದ್ರೆ ಜೇಬಿಗೆ ಹಾಕ್ಕೋತಾರೆ. ನಿನ್ನೆ ಹಿಂದಿನಿಂದ ಬಗ್ಗಿ ನೋಡ್ದೆ. ಯಾರೋ ಕಪ್ಪುಚೌಕ ಅಂತೆ! ಗಂಡಸೋ ಹೆಂಗಸೋ ದೇವರಿಗೇ ಗೊತ್ತು. ಈ ವಯಸ್ಸಲ್ಲಿ ನನಗೆ ಇದು ಬೇಕಿತ್ತಾ?"

"ಯಾರೋ ಸ್ನೇಹಿತರಿರಬೇಕು ಬಿಡಕ್ಕ," ಎಂದಳು ಮರಿ.

"ಸ್ನೇಹಿತರಾದ್ರೆ ಹೆಸರಿರಲ್ವಾ? ಚೌಕ ಅಂತೆ, ಅದೂ ಕಪ್ಪಂತೆ! ಒಂದಿನ ಅವಳ ಜುಟ್ಟು ನನ್ನ ಕೈಗೆ ಸಿಗಲಿ, ಹೇಳ್ತೀನಿ."

ಮರಿ ತನಗರಿವಿಲ್ಲದೆ ಒಂದು ಕೈಯಿಂದ ತನ್ನ ತುರುಬು ಮುಟ್ಟಿ ನೋಡಿಕೊಂಡಳು.

ಮುಂದಿನ ವಾರ ಪದಬಂಧ ಕಳಿಸಬೇಕಾದ ದಿನ. ಬೆಳಿಗ್ಗೆ ಕಂಪ್ಯೂಟರು ತೆರೆದರೆ ಪರದೆ ಒರೆಸಿಟ್ಟ ಸ್ಲೇಟಿನಂತೆ ಖಾಲಿ. ಪದಬಂಧದ ಕಡತವೂ ಇಲ್ಲ, ಬೇರೆ ಯಾವುದೂ ಇಲ್ಲ. ಹಿಂದಿನ ದಿನ ಭಾವ ಬಂದು ಸ್ವಲ್ಪ ಹೊತ್ತು ಒಬ್ಬರೇ ಕೂತು ಹೋದದ್ದು ಅವಳಿಗೆ ನೆನಪಾಯಿತು. ಫೋನು ಮಾಡಿದಳು. ಭಾವ ಅರ್ಧ ಮಾತು ಕೇಳುವಷ್ಟರಲ್ಲಿ "ಬಂದೆ" ಎಂದರು. ಬಂದಾಗ ಜೊತೆಯಲ್ಲಿ ಅಕ್ಕನೂ ಇದ್ದಳು, ಮೈಯೆಲ್ಲ ಕಣ್ಣಾಗಿ.

"ಏಕಾಗ್ರತೆ ಬೇಕು, ನೀವಿಬ್ಬರೂ ಒಳಗಿರಿ," ಎಂದು ಭಾವ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡರು. ಯಾವತ್ತೂ ಇಲ್ಲದ ಹಾಗೆ ಅವರ ಮುಖ ಇಳಿದಿತ್ತು.

ಮರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪ ಮಾಡಿದಳು. ಅಕ್ಕ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚತೊಡಗಿದಳು. ಮರಿಯ ಗಂಡ ಮೂಲೆಯಲ್ಲಿ ಬನ್ನು ತಿನ್ನುತ್ತ ನಿಂತಿದ್ದ. ಆಗ ಕಟ್ಟೆಯ ಮೇಲಿದ್ದ ಮರಿಯ ಫೋನು ಬಡಿದುಕೊಂಡಿತು. ಬಳಗದಲ್ಲಿ ಎಲ್ಲರೂ ಟೈಪು ಮಾಡುವುದೇ ನಿಯಮ. ತೀರಾ ತುರ್ತಾದರೆ ಮಾತ್ರ ಇಡೀ ಗುಂಪಿಗೆ ಕರೆ ಮಾಡಬಹುದು. ಇಲ್ಲಿಯ ತನಕ ಯಾರೂ ಮಾಡಿರಲಿಲ್ಲ. ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಅನುಭವಿ ಕರೆಯುತ್ತಿದ್ದಾರೆ' ಎಂದಿತ್ತು.

ಅಕ್ಕನ ಕಣ್ಣು ಅತ್ತ ಹೊರಳುವ ಮೊದಲೇ ಮರಿ ಒದ್ದೆ ಕೈಯಲ್ಲೇ ಫೋನು ಕಸಿದು, ಬೇಡ ಎಂಬ ಗುಂಡಿ ಒತ್ತಹೋದಳು. ಒದ್ದೆ ಬೆರಳು ಜಾರಿ ಬೇಕು ಎಂಬುದರ ಮೇಲೆ ಬಿತ್ತು.

"ಎಲ್ಲರೂ ಕೇಳಿಸ್ಕೊಳ್ತಿದೀರಾ?" ಭಾವನ ದನಿ ಫೋನಿನಿಂದಲೂ ಬಂತು, ಬಾಗಿಲ ಆಚೆಯಿಂದಲೂ ಬಂತು. "ಕಪ್ಪುಚೌಕ ಅವರೂ ಇದಾರಾ? ನಾನೊಂದು ದೊಡ್ಡ ತಪ್ಪು ಮಾಡಿಬಿಟ್ಟೆ. ಆ ಹುಡುಗಿ ಕಂಪ್ಯೂಟರ್ ಮೇಲೆ ಎಲ್ಲಾ ಹರಡ್ಕೊಂಡಿತ್ತು, ಭಾರ ಆಗುತ್ತೆ ಅಂತ ಕಸದ ಬುಟ್ಟಿಗೆ ಹಾಕ್ದೆ. ಬುಟ್ಟಿ ತುಂಬ್ತು ಅಂತ ಅದನ್ನೂ ಖಾಲಿ ಮಾಡ್ದೆ. ಅವಳ ಒಂದು ವಾರದ ಕೆಲಸ—"

ಮುಂದಿನ ಮಾತು ಕೇಳಲಿಲ್ಲ. ಎರಡೂ ಫೋನುಗಳು ಒಟ್ಟಿಗೆ ಕುಯ್ಯೋ ಎಂದು ಕೂಗಿಕೊಂಡವು. ಅಕ್ಕ ಕಿವಿ ಮುಚ್ಚಿಕೊಂಡಳು.

"ಯಾರೋ ಇಬ್ಬರು ಒಂದೇ ಕಡೆ ಇದೀರಿ!" ಆ ಕೂಗಿನ ನಡುವೆಯೇ ಟೀಚರಮ್ಮನ ದನಿ ಚಾಟಿಯಂತೆ ಬಂತು. "ಅದಕ್ಕೇ ಹೀಗೆ ಕಿರುಚ್ತಿರೋದು. ಯಾರು ಅದು? ಇಬ್ಬರೂ ದೂರ ದೂರ ಹೋಗಿ. ಈಗಲೇ!"

"ಬಾಯಿ ಮುಚ್ಚಬೇಡಿ, ಇನ್ನೂ ಮುಗಿದಿಲ್ಲ," ಎಂದರು ಹಲ್ಲಿನ ಡಾಕ್ಟರು, ಬೇರೆ ಯಾರಿಗೋ.

ಮರಿಗೆ ದನಿ ಅಡಗಿಸುವ ಗುಂಡಿ ಎಲ್ಲಿದೆಯೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಟೀಚರಮ್ಮನ ಮಾತು ಪಾಲಿಸುವುದೊಂದೇ ದಾರಿ. ಬೀದಿಗೆ ಹೋಗಿಬಿಡೋಣವೆಂದು ಅಡುಗೆಮನೆಯಿಂದ ನಡುಮನೆಗೆ ಓಡಿದಳು. ಅದೇ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡೋಣವೆಂದು ಭಾವ ಬಾಗಿಲು ತೆರೆದು ನಡುಮನೆಗೆ ಓಡಿಬಂದರು. ಇಬ್ಬರೂ ಫೋನನ್ನು ಕಿವಿಗೊತ್ತಿಕೊಂಡು ಎದುರಾಬದುರಾ ನಿಂತರು. ಫೋನುಗಳ ಕಿರುಚಾಟ ಗಗನಕ್ಕೇರಿತು.

"ದೂರ ಅಂದ್ನಲ್ಲ, ಹತ್ತಿರ ಅಂದ್ನಾ?" ಎಂದು ಟೀಚರಮ್ಮ ಗದರಿದಳು.

ಮರಿಯ ಗಂಡ ಬಂದು ಹೆಂಡತಿಯ ಕೈಯಿಂದ ಫೋನು ತೆಗೆದು ಬಂದ್ ಮಾಡಿದ. ಮನೆ ಒಮ್ಮೆಲೇ ಸ್ತಬ್ಧವಾಯಿತು.

ಮೊದಲು ಬಾಯಿಬಿಟ್ಟವಳು ಅಕ್ಕ. ಚಾಕು ಹಿಡಿದೇ ಬಂದಿದ್ದಳು. ಈರುಳ್ಳಿಯಿಂದ ಕಣ್ಣೀರು ಸುರಿಯುತ್ತಿತ್ತು. "ಕಪ್ಪುಚೌಕ ಇವಳೇನಾ?" ಎಂದು ಗಂಡನನ್ನೂ ತಂಗಿಯನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದು ನಗತೊಡಗಿದಳು. "ಅಯ್ಯೋ ನನ್ನ ಕರ್ಮವೇ! ನಾನು ಇವಳ ಜುಟ್ಟು ಹಿಡಿಯೋಕೆ ಹೊರಟಿದ್ನಲ್ಲ!"

ಭಾವ ನಗಲಿಲ್ಲ. "ಅಂದ್ರೆ ನೀನೇ ಹೇಳಿಕೊಟ್ಟು, ನೀನೇ ನನ್ನ ಕೈಲಿ ಮಾಡಿಸಿ, ಆಮೇಲೆ ನೀನೇ ಶಭಾಷ್ ಅಂತಿದ್ದೆ. ಅಲ್ವಾ ಮರಿ?" ಎಂದರು. ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಬೀದಿಗೆ ಮುಖಮಾಡಿ ಕೂತರು.

ಮರಿ ಹೋಗಿ ಪಕ್ಕದಲ್ಲಿ ಕೂತಳು. ಎದುರುಮನೆಯವರು ಕಾರು ತೊಳೆಯುತ್ತಿದ್ದರು. ನೀರು ಚರಂಡಿಗೆ ಹರಿಯುವುದನ್ನು ಇಬ್ಬರೂ ನೋಡುತ್ತ ಕೂತರು.

"ನಿನ್ನ ಮೇಲೆ ಸಿಟ್ಟಿಲ್ಲ," ಎಂದರು ಭಾವ ಕೊನೆಗೆ. "ನನಗೆ ಗೊತ್ತಿಲ್ಲ ಅಂತ ಹೇಳ್ಕೊಳ್ಳೋಕೆ ಒಬ್ಬ ಸಿಕ್ಕಿದ್ದ. ಮನೇಲಿ ಹೇಳಕ್ಕಾಗಲ್ಲ, ಹಳೇ ಸ್ನೇಹಿತರ ಹತ್ರ ಹೇಳಕ್ಕಾಗಲ್ಲ. ಅವನ ಹತ್ರ ಹೇಳ್ಬಹುದಿತ್ತು. ಈಗ ಅವನೂ ಇಲ್ಲ."

"ಅವನು ಇಲ್ಲೇ ಕೂತಿದಾನಲ್ಲ ಭಾವ."

ಭಾವ ಓರೆಗಣ್ಣಿಂದ ನೋಡಿದರು. ಅವರ ಮೀಸೆಯ ಒಂದು ತುದಿ ಅಲುಗಿತು.

"ಅವನಿಗೆ ಈಗ ಸಹಾಯ ಬೇಕು," ಎಂದಳು ಮರಿ. "ಸಂಜೆಯೊಳಗೆ ಹೊಸ ಪದಬಂಧ ಆಗ್ಬೇಕು, ತಲೆ ಓಡ್ತಿಲ್ಲ. ಕೆಡಿಸಿದ್ದು ನೀವು. ಏಳಿ, ಒಳಗೆ ಬನ್ನಿ."

ಇಷ್ಟು ವರ್ಷದಲ್ಲಿ ಅವಳು ಭಾವನನ್ನು ಗದರಿಸಿದ್ದು ಅದೇ ಮೊದಲು. ಭಾವ ತಟ್ಟನೆ ಎದ್ದರು.

ಹೋದ ಕಡತವನ್ನು ಹೊರತೆಗೆಯಲು ಟೀಚರಮ್ಮ ಹೇಳಿದ ಉಪಾಯಗಳೆಲ್ಲ ಸೋತವು. ಸೋಮಾರಿ ಹೇಳಿದಂತೆ ಆಫ್ ಮಾಡಿ ಆನ್ ಮಾಡಿಯೂ ನೋಡಿದರು. "ಹಾಗಾದ್ರೆ ಎಲ್ಲರೂ ಸೇರಿ ಹೊಸದು ಮಾಡಿ, ನಾವೂ ಇದೀವಿ," ಎಂದಳು ಟೀಚರಮ್ಮ. ಒಂದೇ ಫೋನನ್ನು ಲೋಟಕ್ಕೆ ಒರಗಿಸಿಟ್ಟುಕೊಂಡು ಎಲ್ಲರೂ ಮೇಜಿನ ಸುತ್ತ ಕೂತರು. ಮರಿ ಚೌಕ ಎಳೆದಳು.

"ಕಂಬದಿಂದ ಕಂಬಕ್ಕೆ ಓಡಿ ಮಾತಾಡುವುದು, ಎರಡಕ್ಷರ," ಎಂದರು ಭಾವ ಕೂಡಲೇ.

"ತಂತಿ. ಅದು ನಿಮಗೆ ಬಿಟ್ಟರೆ ಇನ್ಯಾರಿಗೆ ಹೊಳೀಬೇಕು," ಎಂದು ಮರಿ ಬರೆದುಕೊಂಡಳು.

"ನೋವಾದಾಗ ಮಾತ್ರ ನೆನಪಾಗುವುದು, ಎರಡಕ್ಷರ," ಎಂದರು ಹಲ್ಲಿನ ಡಾಕ್ಟರು. ಹಿಂದಿನಿಂದ ಯಾರೋ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ "ಅಮ್ಮ!" ಎಂದು ಉತ್ತರ ಕೊಟ್ಟರು. ಅದೂ ಸರಿಹೊಂದುತ್ತದೆಂದು ಬಳಗದಲ್ಲಿ ದೊಡ್ಡ ಚರ್ಚೆಯಾಗಿ, ಕೊನೆಗೆ ಹಲ್ಲು ಉಳಿಯಿತು. ಆಫ್ ಮಾಡಿ ಆನ್ ಮಾಡಿದರೆ ಬರುವುದು ಎಂದು ಸೋಮಾರಿ ಕೊಟ್ಟ ಸುಳಿವಿಗೆ ಮರುಜೀವ ಎಂಬ ಪದ ಸಿಕ್ಕಿತು. ಮರಿಯ ಗಂಡ, "ಬಿಸಿ ತಾಗಿದರೆ ಉಬ್ಬುವುದು," ಎಂದ. ಹಿಟ್ಟು.

"ಅದರ ಟ್ಟುವಿಗೆ ಮೇಲಿನಿಂದ ಒಂದು ಪದ ಬೇಕು, ಎರಡೇ ಅಕ್ಷರ," ಎಂದು ಮರಿ ಪೆನ್ಸಿಲು ಕಚ್ಚಿದಳು.

"ಹೆಂಡತಿ ಹಿಂದೆ ನಿಂತರೆ ಗಂಡನ ಜೇಬು ಸೇರುವುದು," ಎಂದಳು ಅಕ್ಕ, ಈರುಳ್ಳಿಯಿಂದ ತಲೆಯೆತ್ತದೆ.

"ಗುಟ್ಟು," ಎಂದರು ಭಾವ ಸಣ್ಣ ದನಿಯಲ್ಲಿ.

ಪದಬಂಧ ಕತ್ತಲಾಗುವ ಮೊದಲೇ ಹೋಯಿತು. ಓದುಗರಲ್ಲಿ ಕೆಲವರು ಈ ಸಲ ತಂತಿ, ಕಂಬ, ಹಲ್ಲು, ಹಿಟ್ಟು ಅತಿಯಾಯಿತೆಂದು ಗೊಣಗಿದರು. ಸಂಪಾದಕರು ಮಾತ್ರ ಫೋನು ಮಾಡಿ, ಗುಟ್ಟಿನ ಸುಳಿವು ಯಾರದು, ನಮ್ಮ ಮನೆಯಲ್ಲಿ ಅದರಿಂದ ಜಗಳವಾಯಿತು ಎಂದರು. ಅಕ್ಕ ಅದನ್ನು ಕೇಳಿ ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ. ಈಗ ವಾರಕ್ಕೊಮ್ಮೆ ಭಾವನ ಜೊತೆ ಅವಳೂ ಬರುತ್ತಾಳೆ. ಬಂದು ಮರಿಯ ಪಕ್ಕದ ಕುರ್ಚಿ ಹಿಡಿಯುತ್ತಾಳೆ. ಭಾವ ಕಂಪ್ಯೂಟರಿನ ಹಿಂಭಾಗದ ಧೂಳು ಒರೆಸುತ್ತಾರೆ. ಬಟ್ಟೆಯಿಂದ.

"ನನ್ನನ್ನೂ ಆ ಗುಂಪಿಗೆ ಸೇರಿಸಿ," ಎಂದು ಅಕ್ಕ ಹಟ ಹಿಡಿದಳು. "ನೀವಿಬ್ಬರೂ ಅಲ್ಲಿ ಏನು ಮಾತಾಡ್ತೀರಿ, ನಾನೂ ನೋಡ್ಬೇಕು." 'ಕಾವಲುಗಾರ್ತಿ' ಎಂದು ಹೆಸರಿಟ್ಟುಕೊಂಡಳು. ಮೊದಲ ದಿನವೇ ಬಳಗಕ್ಕೆ ಪ್ರಶ್ನೆ ಹಾಕಿದಳು: 'ನನ್ನ ಫೋನಿನ ಅಕ್ಷರ ಇರುವೆಯಷ್ಟಾಗಿದೆ. ದೊಡ್ಡದು ಮಾಡುವುದು ಹೇಗೆ?'

ಎಲ್ಲರಿಗಿಂತ ಮೊದಲು ಉತ್ತರ ಬರೆದವರು ಅನುಭವಿ: 'ನನಗೂ ಗೊತ್ತಿಲ್ಲ ಕಣೇ. ಕನ್ನಡಕ ಹಾಕ್ಕೊಂಡು ಹಜಾರಕ್ಕೆ ಬಾ, ಇಬ್ಬರೂ ಸೇರಿ ಹುಡುಕೋಣ.'